ಅದೇ ಚೆಂಡು, ಅದೇ ಕೋಲು

ಅಮೆರಿಕದ ಬಾಲ್ಟಿಮೋರ್ ಕಡೆಯ ಲೊರೇನ್‌ಗೆ ಇಬ್ಬರು ಮಕ್ಕಳು. ಇಬ್ಬರದ್ದೂ ಲ್ಯಾಕ್ರಾಸ್ ಹುಚ್ಚು. ಕೋಲಿನ ತುದಿಯ ಬಲೆಯಲ್ಲಿ ಗಟ್ಟಿ ರಬ್ಬರ್ ಚೆಂಡು ಹಿಡಿದು ಓಡುವುದು, ಬೀಸಿ ಎಸೆಯುವುದು, ಇಷ್ಟೇ ಆಟ. ಒಮ್ಮೆ ಮಗ ಡೆಕ್ಲನ್ ಹೆಲ್ಮೆಟ್ ಮರೆತನೆಂದು ಲೊರೇನ್ ಅರ್ಧ ದಾರಿಯಿಂದ ಕಾರು ತಿರುಗಿಸಿದ್ದಳು. "ತಲೆ ಒಡ್ಕೊಳ್ಳೋಕೆ ಹೊರಟಿದ್ದೀಯೇನೋ?" ಎಂದು ದಾರಿಯುದ್ದಕ್ಕೂ ಬೈದಿದ್ದಳು. ಹಿಂದಿನ ಸೀಟಿನಲ್ಲಿದ್ದ ಮಗಳು ಮೊಯ್ರಾಳ ಬರಿದಲೆ ಅವಳ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲಿ ಹುಡುಗರಿಗೆ ಹೆಲ್ಮೆಟ್ ಕಡ್ಡಾಯ, ಹುಡುಗಿಯರಿಗೆ ಕಣ್ಣು ಕಾಯುವ ಕನ್ನಡಕ ಮಾತ್ರ. ಹೆಲ್ಮೆಟ್ ಬೇಕಿದ್ದರೆ ಹಾಕಬಹುದು, ಹಾಕದಿದ್ದರೆ ಕೇಳುವವರಿಲ್ಲ.

ಪಕ್ಕದ ಮನೆಯ ಯೊಲಾಂಡಾ ಶಾಲೆಯ ಮೈದಾನದಲ್ಲಿ ಆಟಗಾರರ ಗಾಯ, ಪೆಟ್ಟು ನೋಡಿಕೊಳ್ಳುವವಳು. ಹುಡುಗಿಯರಿಗೆಂದೇ ಮಾಡಿದ ಮೆತ್ತನೆ ಹೆಲ್ಮೆಟ್ ಒಂದನ್ನು ಅವಳೇ ತಂದುಕೊಟ್ಟಳು.

"ಇದನ್ನ ಹಾಕಿಸಿ ಆಡಿಸು ಲೊರೇನ್."

"ಅಯ್ಯೋ, ಹುಡುಗೀರ ಆಟದಲ್ಲಿ ಮೈಗೆ ಮೈ ಡಿಕ್ಕಿ ಹೊಡೆಯೋ ಹಾಗೇ ಇಲ್ಲ ಕಣೇ."

"ಆ ನಿಯಮ ಚೆಂಡಿಗೆ ಗೊತ್ತಾ? ಡೆಕ್ಲನ್ ಆಡೋದೂ ಅದೇ ಚೆಂಡು."

"ಇದನ್ನ ಹಾಕಿದ್ರೆ ಮೆದುಳಿಗೆ ಏನೂ ಆಗಲ್ವಾ?"

"ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ಪೆಟ್ಟಿನ ಜೋರು ತಗ್ಗುತ್ತೆ. ಅಷ್ಟಾದ್ರೂ ಬೇಡ್ವಾ?"

ಲೊರೇನ್ ದನಿ ತಗ್ಗಿಸಿದಳು. "ಶನಿವಾರ ಕಾಲೇಜಿನವರು ಆಟ ನೋಡಿ ತಮ್ಮ ತಂಡಕ್ಕೆ ಹುಡುಗೀರನ್ನ ಆರಿಸೋಕೆ ಬರ್ತಾರೆ. ಇದನ್ನ ಕಂಡ್ರೆ, ಈ ಹುಡುಗಿ ತಲೆಗೆ ಮೊದಲೇ ಏಟು ಬಿದ್ದಿದೆ ಅಂದ್ಕೋತಾರೆ. ಆಮೇಲೆ ಯಾರು ಆರಿಸ್ತಾರೆ?"

ಮೊಯ್ರಾ ಆಸೆಯಿಂದ ಬ್ಯಾಗಿಗೆ ಹಾಕಿಕೊಂಡಿದ್ದ ಹೆಲ್ಮೆಟ್ಟನ್ನು ಲೊರೇನ್ ಶನಿವಾರ ಬೆಳಿಗ್ಗೆ ತೆಗೆದು ಮನೆಯಲ್ಲೇ ಇಟ್ಟಳು.

ಪಂದ್ಯ ಬೇರೆ ಊರಿನಲ್ಲಿ, ಯೊಲಾಂಡಾ ಬಂದಿರಲಿಲ್ಲ. ಎದುರಾಳಿ ಬೀಸಿದ ಕೋಲು ಮೊಯ್ರಾಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಹುಡುಗಿ ಕುಸಿದಳು.

"ಏಳು ಮಗಳೇ, ನೋಡ್ತಿದ್ದಾರೆ!" ಎಂದು ಲೊರೇನ್ ಕೂಗಿದಳು.

ಮೊಯ್ರಾ ಎದ್ದಳು, ಆಡಿದಳು, ಕೊನೆಗೆ ಮೈದಾನದ ಅಂಚಿನಲ್ಲಿ ಕೂತು ವಾಂತಿ ಮಾಡಿಕೊಂಡಳು. ಹೆತ್ತವಳ ಬಾಯಿಂದಲೇ ಅಂಥ ಮಾತು ಬಂತಲ್ಲ, ಏನನ್ನಬೇಕು!

ಈಗ ಬೇಸಿಗೆ. ಆ ಊರಲ್ಲಿ ಬೇಸಿಗೆಯೆಂದರೆ ಏಡಿ ಊಟ. ಎಲ್ಲರೂ ಮೇಜಿನ ಸುತ್ತ ಕೂತು ಪುಟ್ಟ ಮರದ ಸುತ್ತಿಗೆಯಿಂದ ಚಿಪ್ಪು ಕುಟ್ಟುವ ಗಲಾಟೆಯೇ ಹಬ್ಬ. ಲೊರೇನ್ ಮನೆಯಲ್ಲಿ ಸುತ್ತಿಗೆಗಳು ಡ್ರಾಯರು ಬಿಟ್ಟು ಹೊರಗೆ ಬಂದಿಲ್ಲ. ಟಕ್ ಎಂದರೆ ಸಾಕು, ಮೊಯ್ರಾ ತಲೆ ಹಿಡಿದುಕೊಳ್ಳುತ್ತಾಳೆ. ಬೆಳಕೂ ಆಗದು. ಓದಿದ ಸಾಲು ನೆನಪಿನಲ್ಲಿ ನಿಲ್ಲದು. ಆರಿಸಲು ಬಂದವರು ಇನ್ಯಾರನ್ನೋ ಆರಿಸಿಕೊಂಡು ಹೋದರು.

"ಅಮ್ಮಾ, ಅವತ್ತು ಅಣ್ಣನಿಗೋಸ್ಕರ ಕಾರು ತಿರುಗಿಸಿದೆ. ನನಗ್ಯಾಕೆ ತಿರುಗಿಸಲಿಲ್ಲ?" ಎಂದು ಒಂದು ದಿನ ಕೇಳಿದಳು.

ಮೊನ್ನೆ ಮೈದಾನದಲ್ಲಿ ಇನ್ನೊಬ್ಬ ತಾಯಿ ಯೊಲಾಂಡಾಳ ಮುಂದೆ ಅದೇ ರಾಗ ಎಳೆಯುತ್ತಿದ್ದಳು. "ಹೆಲ್ಮೆಟ್ ನೋಡಿದ್ರೆ ಆರಿಸೋರು ಏನಂದ್ಕೋತಾರೋ..."

ಹೆಲ್ಮೆಟ್ ಹಿಂದಿರುಗಿಸಲು ಬಂದಿದ್ದ ಲೊರೇನ್ ನಡುವೆ ಬಾಯಿ ಹಾಕಿದಳು. "ಭಾನುವಾರ ನಮ್ಮನೆಗೆ ಏಡಿ ಊಟಕ್ಕೆ ಬಾ. ಮಗಳನ್ನೂ ಕರ್ಕೊಂಡು ಬಾ. ಸದ್ದಿಲ್ಲದೆ ಕೈಯಲ್ಲೇ ಮುರಿದು ತಿನ್ನಬೇಕು, ಮಾತೂ ಆಡೋ ಹಾಗಿಲ್ಲ. ತಿಂದಾದ್ಮೇಲೆ ಹೇಳು, ಹೆಲ್ಮೆಟ್ ಬೇಕೋ ಬೇಡ್ವೋ ಅಂತ."

ಮೊಯ್ರಾ ಒಮ್ಮೆಯೂ ಹಾಕದ, ಹೊಸದಾಗಿಯೇ ಉಳಿದ ಹೆಲ್ಮೆಟ್ಟನ್ನು ಆ ತಾಯಿಯ ಕೈಗಿಟ್ಟಳು. ಅವಳು ತೆಗೆದುಕೊಂಡಳು.

ಅಮ್ಮಂದಿರೇ, ಅಪ್ಪಂದಿರೇ, ಮಗಳ ತಲೆ ಮಗನ ತಲೆಗಿಂತ ಗಟ್ಟಿಯಲ್ಲ. ಹೆಲ್ಮೆಟ್ ಹಾಕಿಸಿ. ಹಾಕಿದ್ದರೂ ತಲೆಗೆ ಪೆಟ್ಟು ಬಿತ್ತೆಂದರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು. ಆಡಬಹುದು ಎಂದು ಡಾಕ್ಟರು ಹೇಳುವವರೆಗೂ ಕೋಲು ಕೊಡಬೇಡಿ. ಮಗಳು ಬಿದ್ದಾಗ ಏಳು ಎಂದು ಕೂಗಬೇಡಿ. ಓಡಿಹೋಗಿ ಅವಳ ಪಕ್ಕ ಕೂರಿ.