ಮೂರು ದಿನ ಹೊರಗೆ

ಒಂದೇ ಬೈಗುಳ ಎರಡು ಸಲ ಕೇಳಿತು. ಮೊದಲು ಅಂಗಳದಿಂದ, ಆಮೇಲೆ ಒಲೆಯ ಪಕ್ಕದಲ್ಲಿದ್ದ ಸೋನಾಲಿಯ ಫೋನಿನಿಂದ. ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಬೆರಳಿನಲ್ಲೇ ಅದನ್ನು ಒತ್ತಿ ಕೇಳಿದಳು. ಮಾವ ಮಡೆಪ್ಪ 'ಕುರಿ ಬಳಗ' ಎಂಬ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜು ಕಳಿಸಿದ್ದ. ಫೋನಾದರೂ ಒಂದೇ, ಗುಡ್ಡದಾಚೆ ಮೇಯುವ ಕುರಿಯಾದರೂ ಒಂದೇ, ಅವನದು ಅದೇ ದನಿ. ಅರ್ಧ ನಿಮಿಷದೊಳಗೆ ಗುರುಶಾಂತನ ತಾಯಿ, ಅಜ್ಜಿ, ಮೂರು ತಲೆಮಾರು ಬಂದು ಹೋಗಿದ್ದವು.

ಗುರುಶಾಂತ ಬಸವಕಲ್ಯಾಣದ ಕಡೆಯ ರೈತ. ಬೆಳಿಗ್ಗೆ ತನ್ನ ಕಡಲೆ ಹೊಲದ ಫೋಟೋ ಹಾಕಿ, "ನಾಕು ಸಾಲು ಮೇಯಿಸ್ಯಾರ. ಬೆನ್ನ ಮ್ಯಾಲ ಕೆಂಪು ಗುರ್ತಿನ ಕುರಿ ಯಾರವು? ಮಾಲಕರಿಗೆ ಕಣ್ಣಿಲ್ಲೇನು?" ಎಂದು ಬರೆದಿದ್ದ. ಕೆಂಪು ಗುರುತು ಮಡೆಪ್ಪನ ಮಂದೆಯದು. ಹೋದ ವಾರ ಅದು ಆ ಕಡೆಗೇ ಹೋಗಿತ್ತು. ತಪ್ಪು ತನ್ನದೇ ಎಂದು ಗೊತ್ತಿದ್ದವನಿಗೆ ಸಿಟ್ಟು ಇನ್ನಷ್ಟು ಜಾಸ್ತಿ ಬರುತ್ತದೆ, ಅದೇನು ಹೊಸದಲ್ಲ.

ಬಳಗದ ಅಡ್ಮಿನ್ ಸೋನಾಲಿ. ಹುಮನಾಬಾದ, ಬಸವಕಲ್ಯಾಣ ಎರಡೂ ತಾಲೂಕಿನ ಇನ್ನೂರ ಹದಿನಾಲ್ಕು ಮಂದಿ ಅದರಲ್ಲಿದ್ದರು. ಕುರಿಗಾರರು, ಆಡು ಸಾಕುವ ಹೆಂಗಸರು, ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುವ ರೈತರು. ದಸರೆಯ ಹೊತ್ತಿಗೆ ಗಂಡಸರ ಹೊಲಸು ಮಾತಿಗೆ ಬೇಸತ್ತು ಹನ್ನೊಂದು ಹೆಂಗಸರು ಒಂದೇ ದಿನ ಬಳಗ ಬಿಟ್ಟಿದ್ದರು. ಲಸಿಕೆಯ ತಾರೀಖು ಅವರಿಗೆ ತಲುಪಲಿಲ್ಲ. ಪಕ್ಕದ ಊರಿನ ಸುಮೇಧಾಳ ಎರಡು ಆಡು ಕರುಳು ಬೇನೆಗೆ ಸತ್ತವು. ಆಗ ಸೋನಾಲಿ ಮನೆಮನೆಗೆ ಹೋಗಿ, ಕೈ ಹಿಡಿದು ಅವರನ್ನೆಲ್ಲ ಮರಳಿ ಕರೆತಂದು ಒಂದು ನಿಯಮ ಮಾಡಿದಳು: ತಾಯಿ, ಅಕ್ಕತಂಗಿ ಎತ್ತಿ ಬೈದವರು ಮೂರು ದಿನ ಹೊರಗೆ. ಮೊದಲು ಸಿಕ್ಕಿಬಿದ್ದವನು ಆಡಿನ ವ್ಯಾಪಾರಿ ಗಯಾಸುದ್ದೀನ್. ಪಾಪ, ನಕ್ಕೊಂತ ಹೋಗಿ, ಮೂರು ದಿನ ಮುಗಿಸಿ, ಎಲ್ಲರಿಗೂ ಸಲಾಮು ಹೇಳಿಕೊಂಡು ಬಂದಿದ್ದ.

ಈಗ ಬಳಗದಲ್ಲಿ ಸುಮೇಧಾಳ ಒಂದು ಸಾಲು ಬಂತು: "ಸೋನಾಲಿ ಅಕ್ಕಾ, ನಿಯಮ ಎಲ್ಲಾರಿಗೂ ಒಂದ ಅಲ್ಲೇನ್ರಿ?"

ಅತ್ತೆ ಚಂದಮ್ಮ ಸೊಸೆಯ ಮುಖ ನೋಡಿಯೇ ತಿಳಿದುಕೊಂಡಳು. "ಏ ಹುಡುಗಿ, ಹುಚ್ಚಿ ಆಗಬ್ಯಾಡ. ಮನಿ ಯಜಮಾನನ್ನ ಸೊಸಿ ಹೊರಗ ಹಾಕಿದಳು ಅಂದ್ರ ಮಂದಿ ಏನಂದಾರು?"

"ಹಾಕಲಿಲ್ಲಂದ್ರ ಏನಂತಾರ ಅತ್ತಿ?"

ಸೋನಾಲಿಯ ಗಂಡ ಅವಿನಾಶ ಹಳ್ಳಿಖೇಡದ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರು ನಿಲ್ಲಿಸಿಕೊಂಡಿದ್ದ. ಫೋನು ಮಾಡಿದರೆ, "ನೀವು ಮಾವ ಸೊಸಿ ನೋಡ್ಕೋರಿ, ನನ್ನ ನಡುವ ಎಳೀಬ್ಯಾಡ್ರಿ" ಎಂದು ಇಟ್ಟುಬಿಟ್ಟ. ಇಂಥ ಹೊತ್ತಿನಲ್ಲಿ ಗಂಡಂದಿರ ಟ್ರ್ಯಾಕ್ಟರು ಯಾವಾಗಲೂ ಸಾಲಿನಲ್ಲೇ ಇರುತ್ತದೆ.

ಮದುವೆಯಾಗಿ ಎಂಟು ವರ್ಷದಲ್ಲಿ ಸೋನಾಲಿ ಮಾವನ ಎದುರು ನಿಂತು ಮಾತಾಡಿದವಳಲ್ಲ. ಅವನು ಎರಡು ಮಾರು ದೂರದಲ್ಲಿದ್ದರೂ, "ಅತ್ತಿ, ಮಾವಗ ಚಾ ಬೇಕೇನು ಕೇಳ್ರಿ" ಅನ್ನುವುದೇ ರೂಢಿ. ಇವತ್ತು ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಬಂದಳು.

"ಮಾವ, ಅದನ್ನ ಅಳಿಸಿ ಬಿಡ್ರಿ. ತಪ್ಪಾತು ಅಂತ ಒಂದು ಮಾತು ಹೇಳ್ರಿ ಸಾಕು."

ಮಡೆಪ್ಪನಿಗೆ ಸೊಸೆ ಮಾತಾಡಿದ್ದೇ ಆಶ್ಚರ್ಯ. ಸಾವರಿಸಿಕೊಂಡು, "ಅಂವ ನನಗ ಕುರುಡ ಅಂದಾನ. ನಾ ಅಳಸಂಗಿಲ್ಲ. ನಿನ್ನ ಕಾಯ್ದೆ ಅದ ಅಲ್ಲೇನು, ಮಾಡು ಹೋಗು!" ಎಂದ. ಸೊಸೆ ಮಾಡುವುದಿಲ್ಲ ಎಂಬ ಧೈರ್ಯ ಅವನಿಗೆ.

ಸೋನಾಲಿ ಅಲ್ಲೇ, ಅವನ ಕಣ್ಣೆದುರಿಗೇ, ವಾಯ್ಸ್ ಅಳಿಸಿ ಮಾವನನ್ನು ಬಳಗದಿಂದ ತೆಗೆದಳು. ಗುರುಶಾಂತನಿಗೂ ಬರೆದಳು: "ಕಣ್ಣಿಲ್ಲೇನು ಅಂತ ಕೇಳಬ್ಯಾಡ್ರಿ, ಕಡಲಿ ಲುಕ್ಸಾನು ಎಷ್ಟಾತು ಹೇಳ್ರಿ."

ಆ ಮಧ್ಯಾಹ್ನ ಮಡೆಪ್ಪ ಸೊಸೆ ಬಡಿದ ರೊಟ್ಟಿ ಮುಟ್ಟಲಿಲ್ಲ. ಚಂದಮ್ಮ ಬೇರೆ ಬಡಿದು ಹಾಕಬೇಕಾಯಿತು. ಸೋನಾಲಿ ಕೊಟ್ಟಿಗೆಯಲ್ಲಿ ಒಬ್ಬಳೇ ನಿಂತು ಅತ್ತಳು. ಬಳಗ ಉಳಿಯಿತು, ಮನೆ ಹೋಯಿತು ಅನ್ನಿಸಿತು ಅವಳಿಗೆ.

ಮರುದಿನ ಬೆಳಿಗ್ಗೆ ಮಡೆಪ್ಪ ತಲೆಗೆ ಪಟಗಾ ಸುತ್ತಿಕೊಂಡು, ಹೆಂಡತಿಗೆ ಹೇಳುವ ನೆಪದಲ್ಲಿ ಸೊಸೆಗೆ ಕೇಳುವಂತೆ, "ಬಳಗದಾಗ ಬಾಯಿ ಮುಚ್ಚ್ಯಾರ. ಕಾಲು ಕಟ್ಟಿಲ್ಲ. ಅವನ ಮನೀಗೇ ಹೋಗಿ ಕೇಳತೀನಿ" ಎಂದು ಬಸವಕಲ್ಯಾಣದ ಬಸ್ಸು ಹತ್ತಿದ. ದಿನವಿಡೀ ಸೋನಾಲಿಯ ಜೀವ ಕೈಯಲ್ಲಿತ್ತು.

ಹೊತ್ತು ಇಳಿಯುವಾಗ ಬಂದವನ ಕೈಯಲ್ಲಿ ಒಂದು ಚೀಲ ಹಸಿ ಕಡಲೆ ಇತ್ತು. ಚಾವಡಿಯಲ್ಲಿ ಕೂತು ನೀರು ಕುಡಿದು, ಯಾರ ಕಡೆಯೂ ನೋಡದೆ ಶುರುಮಾಡಿದ.

"ಬಾಗಲ ಬಡದ್ನಿ. ಅಂವ ಇರಲಿಲ್ಲ. ಒಬ್ಬಾಕಿ ಮುದುಕಿ ಬಂದಳು, ಎಂಬತ್ತು ಆಗ್ಯಾವ ಆಕಿಗೆ. 'ಯಾರಪ್ಪಾ' ಅಂದಳು. ಕುರಿ ಮಡೆಪ್ಪ ಅಂದ್ನಿ. 'ಹೋ, ನನ್ನ ಬೈದಾಂವ ನೀನ ಏನು? ಬಾ, ಬಿಸಲಾಗ ನಿಲ್ಲಬ್ಯಾಡ, ಚಾ ಕುಡಿ' ಅಂದಳು." ಮಡೆಪ್ಪ ಚೀಲದಿಂದ ಒಂದು ಕಡಲೆ ಕಾಯಿ ತೆಗೆದು ಬಿಡಿಸಿದ. "ಗುರುಶಾಂತನ ತಾಯಿ ಅಂದ್ರ ಬೈಗಳದಾಗ ಬರೂ ಮಾತು ಅಂತ ತಿಳದಿದ್ದೆ. ಖರೆ ಖರೆ ಒಬ್ಬಾಕಿ ಇದ್ದಾಳಂತ ಖಬರೇ ಇರಲಿಲ್ಲ ನೋಡು."

ಚಂದಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಗುರುಶಾಂತನೂ ಬಂದನಂತೆ. ಮುಂದಿನ ವಾರ ಮಂದೆ ಆ ಕಡೆ ಹೋದಾಗ ಎರಡು ರಾತ್ರಿ ಅವನ ಖಾಲಿ ಹೊಲದಲ್ಲಿ ಗೊಬ್ಬರಕ್ಕೆ ಪುಕ್ಕಟೆ ನಿಲ್ಲಿಸುವುದು, ಅಲ್ಲಿಗೆ ಕಡಲೆಯ ಜಗಳ ಮುಗಿಯಿತು ಎಂದು ಇಬ್ಬರೂ ಒಪ್ಪಿದ್ದರು.

ಸೋನಾಲಿಗೆ ಹಿಗ್ಗು ತಡೆಯಲಿಲ್ಲ. ಅತ್ತೆಯನ್ನು ನಡುವೆ ಕರೆಯದೆ ತಾನೇ ಹೇಳಿದಳು: "ಹಂಗಾದ್ರ ಮಾವ, ಈಗ ನಿಮ್ಮನ್ನ ತಿರುಗಿ ಬಳಗದಾಗ ತಗೋತೀನ್ರಿ."

"ಎಷ್ಟು ದಿನ ಆತು?"

"ನಾಳಿಗೆ ಎರಡ್ರಿ."

ಮಡೆಪ್ಪನ ಹುಬ್ಬು ಮೇಲೇರಿತು. "ಗಯಾಸುದ್ದೀನಗ ಮೂರು ದಿನ, ನನಗ ಯಾಕ ಕಡಿಮಿ? ನಾ ಏನು ಅವನಕಿಂತ ಕಡಿಮಿ ಬೈದೇನಿ? ನಾಡದು ಮಧ್ಯಾಹ್ನ ತಗೋ. ಈಗ ರೊಟ್ಟಿ ಹಾಕು, ನೀ ಬಡದಿದ್ದು."

ಸೋನಾಲಿಗೆ ಕಣ್ಣು ತುಂಬಿ ಬಂತು. ಇವತ್ತಿನದು ಬೇರೆ ನೀರು.

ಮಾರನೆಯ ಬೆಳಿಗ್ಗೆ ಅವನಿಗೆ ಚಡಪಡಿಕೆ. ಎಲ್ಲರ ಫೋನು ಟಿಂಗ್ ಎನ್ನುತ್ತಿದ್ದರೆ ತನ್ನದು ಸುಮ್ಮನೆ ಬಿದ್ದಿತ್ತು. "ಮಾತಾಡಬಾರದು ಖರೆ. ಕೇಳಾಕ ಏನು ಅಡ್ಡಿಲ್ಲಲ್ಲ?" ಎಂದು ಸೊಸೆಯನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಬಂದದ್ದೆಲ್ಲ ಓದಿಸಿದ. ಮಾರ್ಕೆಟ್ಟಿನ ದರ, ಒಂದು ಟಗರಿನ ಫೋಟೋ, ಆಮೇಲೆ ಸುಮೇಧಾಳ ಸಾಲು: ಆಡು ಈದು ಸತ್ತುಹೋಗಿದೆ, ಮರಿ ಬದುಕಿದೆ, ಹತ್ತಿರದಲ್ಲಿ ಯಾರ ಬಳಿಯಾದರೂ ಹಾಲಿನ ಆಡು ಇದೆಯೇ?

ಮಡೆಪ್ಪ ಬಾಯಿ ತೆರೆದ. ಸೋನಾಲಿ ಅವನ ಮುಖ ನೋಡಿದಳು. ಮುಚ್ಚಿದ. ಎದ್ದು ಹಿತ್ತಿಲಿಗೆ ಹೋಗಿ, ಮೊನ್ನೆ ಈದಿದ್ದ ಕರಿ ಆಡಿನ ಹಗ್ಗ ಬಿಚ್ಚಿಕೊಂಡು ಬಂದ.

"ಯಾರು ಬರಾಕತ್ತಾರ ಅಂತ ಬರೀಲ್ರಿ ಮಾವ?"

"ನನ್ನ ಹೆಸರು ಬರೀಬ್ಯಾಡ. ನಾ ಹೊರಗಿದೀನಿ."

ಅವನು ಆಡನ್ನು ಹಿಡಿದುಕೊಂಡು ಪಕ್ಕದ ಊರಿನ ದಾರಿಗೆ ಇಳಿದ. ಅದು ಹಿತ್ತಿಲಲ್ಲಿ ಉಳಿದ ತನ್ನ ಮರಿಯ ಕಡೆ ತಿರುಗಿ ತಿರುಗಿ ಎಳೆಯುತ್ತಿತ್ತು. ಅವನು ಸಣ್ಣ ದನಿಯಲ್ಲಿ ಅದಕ್ಕೇನೋ ಸಮಾಧಾನ ಹೇಳುತ್ತಿದ್ದ. ಸೋನಾಲಿ ಬಳಗ ತೆರೆದು, ಒಂದು ಗಳಿಗೆ ಯೋಚಿಸಿ, ಬರೆದಳು:

"ಆಡು ಹೊಂಟದ."