ಪಕ್ಕದ ಬುಟ್ಟಿಯ ಊಟ

ನಾನು ಮೊಟ್ಟೆ ಮಾರುವವಳು. ಮಾರುಕಟ್ಟೆಯ ಮೂರನೇ ಸಾಲಿನಲ್ಲಿ ನನ್ನ ಎಡಕ್ಕೆ ಸೊಪ್ಪಿನ ಹುಡುಗಿ, ಬಲಕ್ಕೆ ಹಣ್ಣಿನ ತಾತ, ಎದುರಿಗೆ ಮೀನಿನಕ್ಕ. ಸೊಪ್ಪಿನ ಹುಡುಗಿಯನ್ನು ಎಲ್ಲರೂ ಚೂಟಿ ಎಂದೇ ಕರೆಯುವುದು. ಆಗ ಅವಳು ಐದು ತಿಂಗಳ ಬಸುರಿ.

ಒಂದು ಬೆಳಿಗ್ಗೆ ಹೆರಿಗೆ ಆಸ್ಪತ್ರೆಯಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ರಕ್ತ ಎಂಟೂವರೆ ಇದೆಯಂತೆ ದೊಡ್ಡಮ್ಮ. ಆರು ವಾರದಲ್ಲಿ ಹತ್ತು ದಾಟದಿದ್ರೆ ಹೆರಿಗೆಗೆ ದೊಡ್ಡಾಸ್ಪತ್ರೆಗೆ ಬರೆದುಕೊಡ್ತಾರಂತೆ. ಬಸ್ಸಲ್ಲಿ ಮೂರು ಗಂಟೆ ದಾರಿ. ಅಲ್ಲಿ ನನಗ್ಯಾರು ಗೊತ್ತು?"

ನಮ್ಮ ಹೆರಿಗೆ ಆಸ್ಪತ್ರೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲೇ ಇದೆ. ಹುಡುಗಿಗೆ ತಾಯಿಯಿಲ್ಲ. ನೋವು ಬಂದಾಗ ನಾವೆಲ್ಲ ಕೂಗಳತೆಯಲ್ಲಿರಬೇಕು ಎಂಬುದೊಂದೇ ಅವಳ ಆಸೆ.

"ನರ್ಸಮ್ಮ ಏನು ತಿನ್ನು ಅಂದ್ರು?"

"ಮಾತ್ರೆ ಕೊಟ್ರು. ಸೊಪ್ಪು, ಮೊಟ್ಟೆ, ಮೀನು, ಕಿತ್ತಳೆ ತಿನ್ನು ಅಂದ್ರು. ಊಟದ ಜೊತೆ ಟೀ ಬೇಡ ಅಂದ್ರು."

ಮೀನಿನಕ್ಕ ಕತ್ತಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ನಮ್ಮ ಸಾಲನ್ನೇ ಬರೆದುಕೊಟ್ಟಿದ್ದಾರಲ್ಲೇ!"

ನಗುವ ಮಾತೇ. ಕುತ್ತಿಗೆಯವರೆಗೂ ಸೊಪ್ಪಿನ ನಡುವೆ ಕೂತವಳ ಮಧ್ಯಾಹ್ನದ ಊಟ ಒಂದು ಬನ್ನು, ಒಂದು ಲೋಟ ಟೀ. ಮಾರುವವಳು ತನ್ನ ಬುಟ್ಟಿಗೆ ತಾನೇ ಕೈ ಹಾಕಬಾರದು ಎಂದು ಅವಳಮ್ಮ ಕಲಿಸಿ ಹೋಗಿದ್ದಳು. ಅವಳೊಬ್ಬಳನ್ನೇ ಅಂದು ಏನು ಬಂತು? ಮೂವತ್ತು ವರ್ಷದಿಂದ ನಾನೂ ಒಡೆದ ಮೊಟ್ಟೆ ಬಿಟ್ಟು ಬೇರೆ ತಿಂದವಳಲ್ಲ. ತಾತನಂತೂ ಕೊಳೆತ ಭಾಗ ಕೊಯ್ದು ಬಿಸಾಡಿ ಉಳಿದ ಚೂರನ್ನಷ್ಟೇ ಬಾಯಿಗೆ ಹಾಕಿಕೊಳ್ಳುವವನು.

ಮರುದಿನದಿಂದ ಬೇಡವೆಂದರೂ ಕೇಳದೆ ದಿನಕ್ಕೊಂದು ಮೊಟ್ಟೆ ಅವಳ ಚೀಲದಲ್ಲಿಟ್ಟು ಕಳಿಸಿದೆ. ವಾರದ ಮೇಲೆ ಅವಳ ಗಂಡ ಸಿಕ್ಕಿದ. ಲಾರಿಯಿಂದ ಮೂಟೆ ಇಳಿಸುವವನು.

"ನಿಮ್ಮ ಮೊಟ್ಟೆ ಏನು ರುಚಿ ದೊಡ್ಡಮ್ಮ! ದಿನಾ ಬಡಿಸ್ತಾಳೆ."

"ಅವಳು ತಿನ್ನಲ್ವಾ?"

"ಅವಳಿಗೆ ಸೇರಲ್ವಂತೆ."

ನಾನೂ ಸಂಸಾರ ಮಾಡಿದವಳು. ಮನೆಗೆ ಹೋದ ಮೊಟ್ಟೆ ಯಾರ ತಟ್ಟೆಗೆ ಬೀಳುತ್ತದೆಂದು ನನಗೆ ಮೊದಲೇ ಹೊಳೆಯಬೇಡವೇ? ವಿಷಯ ಬಿಡಿಸಿ ಹೇಳಿದಾಗ ಆ ಪುಣ್ಯಾತ್ಮನ ಮುಖ ನೋಡಬೇಕಿತ್ತು. ನುಂಗಿದ ಏಳೂ ಮೊಟ್ಟೆ ಗಂಟಲಲ್ಲಿ ಸಿಕ್ಕಿಕೊಂಡವನ ಹಾಗೆ ನಿಂತುಬಿಟ್ಟ.

ಮಾರನೆಯ ದಿನ ಮನೆಯಿಂದ ಸ್ಟವ್ ತಂದು, ಬುಟ್ಟಿಯ ಪಕ್ಕದಲ್ಲೇ ಹಚ್ಚಿ, ಮೊಟ್ಟೆ ಬೇಯಿಸಿ, ಸುಲಿದು, ಅವಳ ಕೈಗೇ ಕೊಟ್ಟೆ.

"ಬಿಟ್ಟಿ ತಿನ್ನಲ್ಲ ದೊಡ್ಡಮ್ಮ."

"ಬಿಟ್ಟಿ ಕೊಡೋಕೆ ನಾನೇನು ನಿನ್ನತ್ತೆನಾ? ಎರಡು ಕಟ್ಟು ಸೊಪ್ಪು ತೆಗಿ."

ವ್ಯಾಪಾರ ಎಂದ ಮೇಲೆ ತೆಗೆದಳು. ಮೊಟ್ಟೆ ತಿಂದಳು. ನಾನು ಆ ಸೊಪ್ಪನ್ನು ಒಂದು ಹಿಡಿ ಬೇಳೆಯ ಜೊತೆ ಬೇಯಿಸಿ ಅರ್ಧ ಅವಳ ಮುಂದಿಟ್ಟೆ.

"ನನ್ನ ಸೊಪ್ಪು ನಾನೇ ತಿನ್ನೋದಾ?"

"ನಿನ್ನದು ಎಲ್ಲಿಂದ ಬಂತೇ? ನನಗೆ ಕೊಟ್ಟಾಯ್ತಲ್ಲ. ಈಗಿದು ನನ್ನ ಸೊಪ್ಪು. ನಾನು ಬಡಿಸ್ತಿದೀನಿ. ತಿಂತೀಯೋ, ವಾಪಸ್ ತಗೊಳ್ಳಲೋ?"

ಚೂಟಿ ಹುಬ್ಬು ಗಂಟಿಕ್ಕಿ ಲೆಕ್ಕ ಹಾಕಿದಳು. ಎಲ್ಲೂ ತಪ್ಪು ಸಿಗಲಿಲ್ಲ. ತಟ್ಟೆ ಬಳಿದು ತಿಂದಳು.

ಇದನ್ನು ಮೀನಿನಕ್ಕ ನೋಡುತ್ತಿದ್ದಳು. ಎರಡು ತುಂಡು ಮೀನು ತಂದು, "ನನಗೂ ಒಂದು ಕಟ್ಟು ಕೊಡೇ" ಎಂದಳು. ತಾತ ಕಿತ್ತಳೆ ಹಿಡಿದು ಬಂದ. ಹಾಗೆ ಶುರುವಾಯಿತು. ಬೆಳಿಗ್ಗೆ ಬುಟ್ಟಿಯಿಂದ ಬುಟ್ಟಿಗೆ ಸಾಮಾನು ಅದಲುಬದಲು, ಮಧ್ಯಾಹ್ನ ನನ್ನ ಸ್ಟವ್ ಸುತ್ತ ನಾಲ್ಕು ತಟ್ಟೆ. ಟೀಯನ್ನು ನಾಲ್ಕು ಗಂಟೆಗೆ ತಳ್ಳಿದೆವು. ಚೂಟಿಯ ಗಂಡ ದಿನಾ ಒಂದು ಗಳಿಗೆ ಓಡಿ ಬಂದು, "ಎಲ್ಲಿ, ತಟ್ಟೆ ತೋರಿಸು" ಎಂದು ತಪಾಸಣೆ ಮಾಡಿ ಹೋಗತೊಡಗಿದ.

ಒಂದು ದಿನ ಮೀನಿನಕ್ಕ ಕೊಟ್ಟ ಕಿತ್ತಳೆ ತಿಂದು ತಾತ ಕಣ್ಣರಳಿಸಿದ. "ಎಲ್ಲಿ ತಂದೆಯೇ ಇದನ್ನ? ಸಕ್ಕರೆ ಇದ್ದ ಹಾಗಿದೆ!"

"ನಿನ್ನ ಹತ್ರಾನೇ ತಾತ, ಬೆಳಿಗ್ಗೆ."

ತಾತ ಮರುದಿನವೇ ರೇಟು ಏರಿಸಿದ.

ಆರು ವಾರ ಮುಗಿಯಿತು. ಚೂಟಿ ಆಸ್ಪತ್ರೆಗೆ ಹೋದಳು. ನಾನು ಡಜನ್ ಕೇಳಿದವರಿಗೆ ಹದಿಮೂರು ಕೊಟ್ಟೆ. ಮೀನಿನಕ್ಕ ಬೆರಳು ಕೊಯ್ದುಕೊಂಡಳು. ಕೊನೆಗೆ ಸಾಲಿನ ತುದಿಯಲ್ಲಿ ಕಾಣಿಸಿಕೊಂಡವಳು ತಲೆ ಬಗ್ಗಿಸಿಕೊಂಡೇ ಬಂದು ಕೂತಳು.

"ಏನಾಯ್ತೇ?" ಎಂದು ಕೇಳಿದೆ.

"ಹತ್ತು..." ಎಂದಳು ಸಣ್ಣಗೆ. ಆಮೇಲೆ ತಡೆಯಲಾಗದೆ ಕಿಸಕ್ಕನೆ ನಕ್ಕಳು. "ಹತ್ತೂವರೆ ದೊಡ್ಡಮ್ಮ! ಹೆರಿಗೆ ಇಲ್ಲೇ ಅಂತೆ!"

"ಮುಂಡೇದೇ, ನನ್ನ ಜೀವ ತೆಗೆದೆಯಲ್ಲ!" ಎಂದು ಬೆನ್ನಿಗೊಂದು ಮೆಲ್ಲಗೆ ಕೊಟ್ಟು ತಬ್ಬಿಕೊಂಡೆ.

"ಎಲ್ಲ ನನ್ನ ಮೀನಿನ ಗುಣ" ಎಂದಳು ಮೀನಿನಕ್ಕ.

"ಮೀನಂತೆ ಮೀನು! ಕಿತ್ತಳೆ ಇಲ್ಲದೆ ಅದೇನು ಮೈಗೆ ಹತ್ತುತ್ತಿತ್ತಾ?" ಎಂದ ತಾತ.

ಮೊಟ್ಟೆಯ ಮಾತು ಯಾರೂ ಎತ್ತದ್ದು ನೋಡಿ ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ನಮ್ಮ ಜಗಳ ಜೋರಾದಾಗ ಗಿರಾಕಿಯೊಬ್ಬರು ಬಂದು ಸೊಪ್ಪಿನ ಬೆಲೆ ಕೇಳಿದರು. ನಾವು ಮೂವರೂ ಒಟ್ಟಿಗೆ ಮೂರು ಬೆಲೆ ಹೇಳಿದೆವು. ಬೆಲೆ ಹೇಳಬೇಕಾದ ಚೂಟಿ ಆಗಲೇ ತಟ್ಟೆ ಎಳೆದುಕೊಂಡಿದ್ದಳು. ಅವಳ ಬಾಯಿ ತುಂಬ ಊಟವಿತ್ತು.