ಹೆಜ್ಜೆ ನಿಲ್ಲಬಾರದ ಜಾಗ

ನತ್ತಿಂಗ ಹಕ್ಕಿ ಗೂಡು ಕಟ್ಟುವುದಿಲ್ಲ. ಪೊದೆಯ ಪಕ್ಕ ಬರಿ ಮರಳಿನ ಮೇಲೆ ಎರಡು ಮೊಟ್ಟೆ ಇಟ್ಟು ಹಗಲಿಡೀ ಅಲ್ಲಾಡದೆ ಕೂತಿರುತ್ತದೆ. ಅದರ ಬಣ್ಣವೂ ಮರಳಿನದೇ. ಮರುಭೂಮಿಯಂಚಿನ ನಮ್ಮೂರು ಮರ್ಜೂಗಾದ ಸುತ್ತ ವಸಂತದಲ್ಲಿ ಅದನ್ನು ತೋರಿಸುವ ಗೈಡುಗಳು ನಾವು ಆರೇಳು ಮಂದಿ. ಆದರೆ ಅದನ್ನು ಹುಡುಕುವವರು ನಾವಲ್ಲ, ಮೇಕೆ ಮೇಯಿಸುವ ಹೆಂಗಸರು. ನನಗೆ ಹುಡುಕಿಕೊಡುತ್ತಿದ್ದವಳು ತೂದಾ, ನನ್ನ ಅಪ್ಪನ ಅಕ್ಕ.

ಅತ್ತೆಯದು ಒಂದೇ ಷರತ್ತು: ಪೊದೆಯ ಹತ್ತಿರ ಯಾರೂ ನಿಲ್ಲಬಾರದು. ಈಚೆಯ ಬಾವಿಯಿಂದ ಹೊರಟು, ಹತ್ತು ಹೆಜ್ಜೆ ದೂರದಲ್ಲಿ ಹಾದು, ಫೋಟೊ ತೆಗೆಯುವುದಿದ್ದರೆ ನಡೆಯುತ್ತಲೇ ತೆಗೆದು, ಆಚೆಯ ಜಾಲಿ ಮರದವರೆಗೆ ಹೋಗಿಬಿಡಬೇಕು. ಕಾಗೆಗಳು ಮರಳಿನ ಮೇಲಿನ ಹೆಜ್ಜೆ ಓದುತ್ತವೆ. ಮನುಷ್ಯ ನಿಂತ ಕಡೆ ತಿನ್ನಲು ಏನೋ ಇದೆ ಎಂಬುದು ಅವಕ್ಕೆ ಗೊತ್ತು.

ಮಾರ್ಚ್ ಕೊನೆಯಲ್ಲಿ ಮೆಕ್ನೆಸ್ ನಗರದಿಂದ ದ್ರೀಸ್ ಬಂದರು. ಔಷಧಿ ಅಂಗಡಿ ಇಟ್ಟವರು, ಅಲ್ಲಿನ ಹಕ್ಕಿ ಫೋಟೊಗ್ರಾಫರುಗಳ ಸಂಘದ ಕಾರ್ಯದರ್ಶಿ. ಎರಡು ವಾರದ ನಂತರ ಸಂಘದ ಹತ್ತು ಜನ ಬರುವವರಿದ್ದರು. ತನಗೆ ಒಳ್ಳೆಯ ನತ್ತಿಂಗದ ಫೋಟೊ ಸಿಕ್ಕರೆ ಅವರ ಗೈಡ್ ನೀನೇ ಎಂದು ದ್ರೀಸ್ ಮೊದಲೇ ಹೇಳಿದ್ದರು.

ಅವತ್ತು ಅತ್ತೆ ಈದ ಮೇಕೆಯೊಂದನ್ನು ನೋಡಿಕೊಳ್ಳುತ್ತ ಗುಡಾರದಲ್ಲೇ ಉಳಿದಿದ್ದಳು. ಬರುವಾಗ ಜಾಲಿ ಕೊಂಬೆ ಎಳೆದು ಹೆಜ್ಜೆ ಅಳಿಸು ಎಂದಿದ್ದಳು. ನಡೆಯುತ್ತ ತೆಗೆದ ಫೋಟೊಗಳನ್ನು ನೋಡಿ ದ್ರೀಸ್ ಮುಖ ಕಿವುಚಿದರು. ಮೇಲಿನಿಂದ ತೆಗೆದರೆ ಹಕ್ಕಿ ಒಂಟೆ ಲದ್ದಿಯಂತೆ ಕಾಣುತ್ತದೆ, ನೆಲಮಟ್ಟದಿಂದ ಬೇಕು ಎಂದರು. ನಾನು ಬೇಡ ಎನ್ನಲಿಲ್ಲ. ಪೊದೆಯಿಂದ ಐದು ಹೆಜ್ಜೆಗೆ ಹೊಟ್ಟೆಯ ಮೇಲೆ ಮಲಗಿ ಇಪ್ಪತ್ತು ನಿಮಿಷ ತೆಗೆದರು. ಎದ್ದಾಗ ಅವರ ಎದೆ, ಮೊಣಕೈ, ಮೊಣಕಾಲು ಮರಳಿನಲ್ಲಿ ಅಚ್ಚೊತ್ತಿದಂತೆ ಉಳಿದವು. ಬೆಳಕು ಇಳಿಯುವ ಮೊದಲು ಅವರು ಬಂಡೆಯ ಗೂಬೆಯನ್ನೂ ನೋಡಬೇಕಿತ್ತು. ಸಂಜೆ ಗಾಳಿ ಹೇಗೂ ಎಲ್ಲ ಮುಚ್ಚುತ್ತದೆ ಎಂದುಕೊಂಡು ಗಾಡಿ ಹತ್ತಿದೆ.

ಗಾಳಿ ಏಳಲಿಲ್ಲ.

ಎಲ್ಲ ಫೋಟೊಗಳಲ್ಲೂ ಹಕ್ಕಿ ಕಣ್ಣು ಮುಚ್ಚಿತ್ತೆಂದು ದ್ರೀಸ್ ಮರುದಿನ ಬೆಳಿಗ್ಗೆ ಮತ್ತೆ ಹೊರಡಿಸಿದರು. ನಾವು ತಲುಪಿದಾಗ ಅತ್ತೆ ಪೊದೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಹಕ್ಕಿ ಇರಲಿಲ್ಲ. ಚಿಪ್ಪಿನ ಎರಡು ಚೂರು ಬಿದ್ದಿದ್ದವು. ಕಾಗೆ ದ್ರೀಸ್ ಮಲಗಿದ್ದ ಅಚ್ಚಿನ ಮೇಲೆಯೇ ಇಳಿದು ಅಲ್ಲಿಂದ ಮೊಟ್ಟೆಯವರೆಗೆ ನಡೆದ ಹೆಜ್ಜೆಗುರುತಿತ್ತು.

"ಇಲ್ಲಿ ಯಾರೋ ಮಲಗಿದ್ರು. ಎದ್ದು ಹಾಸಿಗೆ ಮಡಚದೇ ಹೋಗಿದಾರೆ," ಅಂದಳು ಅತ್ತೆ. "ನಿನ್ನ ಅತಿಥಿನಾ, ಮೋಹಾ?"

"ಗಾಳಿ ಬರುತ್ತೆ ಅಂದ್ಕೊಂಡೆ ಅತ್ತೆ."

"ಗಾಳಿ ಏನು ನಿನ್ನ ಮನೆ ಕೆಲಸದೋಳಾ?"

ದ್ರೀಸ್‌ಗೆ ನಮ್ಮ ಭಾಷೆ ಬರುವುದಿಲ್ಲ. ಏನಾಯಿತೆಂದು ಕೇಳಿದರು. ಹಕ್ಕಿ ಜಾಗ ಬದಲಿಸಿದೆ ಎಂದು ಅರಬ್ಬಿಯಲ್ಲಿ ಹೇಳಿದೆ. ಅತ್ತೆಗೂ ಸಂತೆಗೆ ಸಾಕಾಗುವಷ್ಟು ಅರಬ್ಬಿ ಬರುತ್ತದೆ. ಅವಳು ಚಿಪ್ಪಿನ ಚೂರನ್ನು ಅವರ ಅಂಗೈಗೆ ಹಾಕಿ, ಕಾಗೆಯ ದಾರಿ ತೋರಿಸಿ, ತಪ್ಪುತಪ್ಪು ಪದಗಳಲ್ಲೇ ಎಲ್ಲ ಹೇಳಿದಳು. ನಾನು ಸುಳ್ಳು ಹೇಳಿದ್ದನ್ನೂ ಬಿಡಲಿಲ್ಲ.

ದ್ರೀಸ್ ಅಂಗೈಯ ಚೂರಿನಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಮೊದಲೇ ಯಾಕಪ್ಪ ಹೇಳಲಿಲ್ಲ?"

ಯಾಕೆಂದು ಅವರಿಗೂ ಗೊತ್ತಿತ್ತು. ಅವರು ಅತ್ತೆಯ ಕಡೆ ತಿರುಗಿ, ಸಂಘದವರಿಗೆ ತೋರಿಸಲು ಬೇರೆ ಇದೆಯೇ ಎಂದು ಕೇಳಿದರು. ಇನ್ನೊಂದು ಜೋಡಿ ಇದೆ ಎಂದಳು. ಎಲ್ಲಿ ಎಂದು ನಾನು ಬಾಯಿ ಹಾಕಿದೆ.

"ಅದು ನಿನಗ್ಯಾಕೆ? ನೀನು ಗಾಡಿ ಓಡಿಸು. ಜನಾನ ನಡೆಸೋಳು ನಾನು."

ಏಪ್ರಿಲ್‌ನಲ್ಲಿ ಸಂಘದವರು ಬಂದರು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಕೈಸನ್ನೆಯಲ್ಲೇ ದಾರಿ ತೋರಿಸಿ ದಿಬ್ಬದ ಈಚೆ ಗಾಡಿ ನಿಲ್ಲಿಸಿದಳು. ನನಗೆ ಇಳಿಯುವ ಅಪ್ಪಣೆ ಇರಲಿಲ್ಲ. ಅವರೆಲ್ಲ ಸಾಲಾಗಿ ಅವಳ ಹಿಂದೆ ದಿಬ್ಬ ದಾಟಿ, ಮುಕ್ಕಾಲು ಗಂಟೆಯ ಮೇಲೆ ಇನ್ನೊಂದು ಬದಿಯಿಂದ ಬಂದರು. ಒಬ್ಬಾಕೆ ಕ್ಯಾಮೆರಾದಲ್ಲಿ ಅಲುಗಿ ಮಸುಕಾದ ಕಂದು ಉಂಡೆಯೊಂದನ್ನು ತೋರಿಸಿ ಇದೇ ಹಕ್ಕಿ ಎಂದಳು.

ಎಲ್ಲರ ಹಿಂದೆ ದ್ರೀಸ್ ಜಾಲಿ ಕೊಂಬೆ ಎಳೆದುಕೊಂಡು ಬರುತ್ತಿದ್ದರು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಕೊಂಬೆ ನಾಳೆಗೂ ಬೇಕು, ಗಾಡಿಯ ಮೇಲೆ ಕಟ್ಟು ಎಂದಳು ಅತ್ತೆ. ಹಗ್ಗ ತಂದು ಕಟ್ಟಿದೆ.